ಗೂಬೆ ಯಾರ ಮೇಲೆ ಕೂರಿಸುತ್ತಿದ್ದೇವೆ?

ಹೋದ ವಾರ ರಾತ್ರಿ 11 ಗಂಟೆಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಚಿಕ್ಕಪ್ಪ ಒಂದು ವಿಡಿಯೋ ಹಾಕಿದರು. ಕತ್ತಲೆ ಕಾಡು. ಮನೆಗಿಂತ ಎತ್ತರದ ಒಂದು ಗೂಬೆ. ಅದರ ಮುಂದೆ ನಿಲುವಂಗಿ ತೊಟ್ಟ ಗಂಡಸರು, ಕೈಯಲ್ಲಿ ಪಂಜು. ಕೆಳಗೆ ಯಾರೋ ಕನ್ನಡದಲ್ಲಿ ಬರೆದಿದ್ದರು, ಜಗತ್ತು ಆಳುವವರು ಇವರೇ, ನಿಮ್ಮ ಬೆಳೆಯ ಬೆಲೆ ಇಲ್ಲೇ ತೀರ್ಮಾನ ಆಗುತ್ತೆ ಅಂತ.

ಚಿಕ್ಕಪ್ಪನಿಗೆ 68 ವರ್ಷ. ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ನಲವತ್ತು ವರ್ಷದಿಂದ ರೇಷ್ಮೆ ಹುಳು ಮೇಯಿಸುತ್ತಿದ್ದಾರೆ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಅವರಿಗೆ ನಿದ್ದೆ ಇರಲ್ಲ. ರಾತ್ರಿ ಎರಡು ಗಂಟೆಗೂ ಎದ್ದು ಹುಳು ಮನೆಗೆ ಹೋಗಿ ಸೊಪ್ಪು ಹಾಕಿ ಬರುತ್ತಾರೆ. ಇಂಥವರನ್ನು ದಡ್ಡರು ಅಂತ ಬಿಟ್ಟುಬಿಡೋಕೆ ನನಗೆ ಮನಸ್ಸು ಬರಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆ ವಿಡಿಯೋದಲ್ಲಿರುವ ಜಾಗ ನಿಜವಾಗಿಯೂ ಇದೆ. ಹೆಸರು ಬೊಹೆಮಿಯನ್ ಗ್ರೋವ್. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 2,700 ಎಕರೆ ರೆಡ್‌ವುಡ್ ಕಾಡು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1872ರಲ್ಲಿ ಶುರುವಾದ ಬೊಹೆಮಿಯನ್ ಕ್ಲಬ್ಬಿನವರ ಆಸ್ತಿ. ಮೊದಲು ಪತ್ರಕರ್ತರು, ಕಲಾವಿದರು ಸೇರಿ ಕಟ್ಟಿದ್ದು. ಆಮೇಲೆ ದುಡ್ಡಿದ್ದವರು, ಅಧಿಕಾರ ಇದ್ದವರು ತುಂಬಿಕೊಂಡರು. ಪ್ರತಿ ವರ್ಷ ಜುಲೈ ತಿಂಗಳಲ್ಲಿ ಎರಡು ವಾರಕ್ಕೂ ಜಾಸ್ತಿ ಅಲ್ಲಿ ಬಿಡಾರ ಹೂಡುತ್ತಾರೆ. ನಿಕ್ಸನ್ ಮತ್ತು ರೇಗನ್ 1967ರಲ್ಲಿ ಅಲ್ಲಿ ಒಂದೇ ಮೇಜಿಗೆ ಕೂತಿರುವ ಫೋಟೊ ಇದೆ. ಮುಂದೆ ಇಬ್ಬರೂ ಅಧ್ಯಕ್ಷರಾದರು.

ಗೂಬೆಯೂ ನಿಜ. ಸುಮಾರು 40 ಅಡಿ ಎತ್ತರ. ಅದರ ಮುಂದೆ 'ಚಿಂತೆ' ಅನ್ನುವ ಒಂದು ಪ್ರತಿಕೃತಿಯನ್ನು ಸುಡುತ್ತಾರೆ. ಹೊರಗಿನ ಚಿಂತೆಯೆಲ್ಲ ಸುಟ್ಟು ಹೋಯಿತು, ಇನ್ನು ಆರಾಮಾಗಿರೋಣ ಅನ್ನುವ ನಾಟಕ. ಹೋಳಿಯಲ್ಲಿ ಕಾಮನನ್ನು ಸುಡುವುದನ್ನು ನಮ್ಮ ಪದ್ಧತಿ ಗೊತ್ತಿಲ್ಲದವನೊಬ್ಬ ದೂರದಿಂದ ಕದ್ದು ಚಿತ್ರ ತೆಗೆದು, ಇವರು ಮನುಷ್ಯರನ್ನು ಬಲಿ ಕೊಡುತ್ತಾರೆ ಅಂದರೆ ಹೇಗಿರುತ್ತೆ? ಅಲ್ಲಿ ಆಗಿದ್ದೂ ಅದೇ. ಅಲೆಕ್ಸ್ ಜೋನ್ಸ್ ಅನ್ನುವವನು 2000ದ ಜುಲೈನಲ್ಲಿ ಒಳಗೆ ನುಸುಳಿ ಚಿತ್ರ ತೆಗೆದ. ಅಲ್ಲಿಂದ ಇಪ್ಪತ್ತೈದು ವರ್ಷ ಈ ಗೂಬೆ ಊರೂರು ತಿರುಗುತ್ತಿದೆ.

ಈ ಮನುಷ್ಯ ಆಮೇಲೆ ಏನು ಮಾಡಿದ ಅಂತ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದೆ. ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ 2012ರಲ್ಲಿ ಒಬ್ಬ ಗುಂಡು ಹಾರಿಸಿ 20 ಮಕ್ಕಳನ್ನು, 6 ಜನ ಹಿರಿಯರನ್ನು ಕೊಂದ. ಜೋನ್ಸ್ ಅದನ್ನೂ ಸರ್ಕಾರದ ನಾಟಕ ಅಂದ, ಅಳುತ್ತಿರುವ ಅಪ್ಪ ಅಮ್ಮಂದಿರು ನಟರು ಅಂದ. ಅದನ್ನು ನಂಬಿದ ಜನ ಆ ತಂದೆ ತಾಯಂದಿರನ್ನು ವರ್ಷಗಟ್ಟಲೆ ಕಾಡಿದರು. ಕೊನೆಗೆ 2022ರಲ್ಲಿ ಕೋರ್ಟು ನೂರು ಕೋಟಿ ಡಾಲರಿಗೂ ಜಾಸ್ತಿ ಪರಿಹಾರ ಕೊಡು ಅಂತ ತೀರ್ಪು ಕೊಟ್ಟಿತು. ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವನು ಕೆಟ್ಟವನೇ ಇರಲಿ ಕಣಪ್ಪಾ. ಹಂಗಂತ ದುಡ್ಡಿರೋರು ಗುಟ್ಟಾಗಿ ಸೇರಿ ಏನೂ ಮಾಡಲ್ಲ ಅಂತೀಯಾ?" ಅಂದರು.

ಇಲ್ಲ, ಹಾಗನ್ನಲ್ಲ. ಮಾಡಿದ್ದಾರೆ. 1942ರ ಸೆಪ್ಟೆಂಬರಿನಲ್ಲಿ ಅದೇ ಗ್ರೋವ್‌ನಲ್ಲಿ ಕೂತು ವಿಜ್ಞಾನಿಗಳು, ಅಧಿಕಾರಿಗಳು ಅಣುಬಾಂಬಿನ ಯೋಜನೆಯ ಬಗ್ಗೆ ಮಾತಾಡಿದ್ದಾರೆ. ಇಟಲಿಯಲ್ಲಿ ಪಿ2 ಅನ್ನುವ ಗುಟ್ಟಿನ ಕೂಟ ಇತ್ತು. 1981ರಲ್ಲಿ ಪೊಲೀಸರಿಗೆ ಅದರ ಪಟ್ಟಿ ಸಿಕ್ಕಿತು. 962 ಹೆಸರು. ಮಂತ್ರಿಗಳು, ಸೇನಾಧಿಕಾರಿಗಳು, ಗುಪ್ತಚರ ಇಲಾಖೆಯ ಮುಖ್ಯಸ್ಥರು. ಆ ಗಲಾಟೆಯಲ್ಲಿ ಸರ್ಕಾರವೇ ಬಿತ್ತು. ದೂರ ಯಾಕೆ, ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1917ರಲ್ಲಿ ಬೆಂಗಳೂರಿನಲ್ಲಿ ಸೆಂಚುರಿ ಕ್ಲಬ್ ಕಟ್ಟಿದ್ದು ಯಾಕೆ? ಬಿಳಿಯರ ಕ್ಲಬ್ಬಿನಲ್ಲಿ ನಮ್ಮವರಿಗೆ ಜಾಗ ಇರಲಿಲ್ಲ ಅಂತ. ಊರಿನ ವ್ಯವಹಾರ ನಡೆಸುವವರು ಒಳಗೆ, ಉಳಿದವರು ಹೊರಗೆ. ಇದು ಕಟ್ಟುಕತೆ ಅಲ್ಲ.

ಹಾಗಾಗಿ ಚಿಕ್ಕಪ್ಪನ ಅನುಮಾನವೇ ತಪ್ಪು ಅಂತ ನಾನು ಹೇಳಲ್ಲ. ಆ ಅನುಮಾನ ಎಲ್ಲಿ ಹೋಗಿ ಕೂರುತ್ತೆ ಅನ್ನೋದೇ ನನ್ನ ಭಯ. ಅದಕ್ಕೆ ಕಾರಣ ಇದೆ.

2011ರಲ್ಲಿ ರೇಷ್ಮೆ ಗೂಡಿನ ಬೆಲೆ ಬಿದ್ದಿದ್ದು ನಮ್ಮ ಕಡೆಯವರಿಗೆಲ್ಲ ನೆನಪಿರಬೇಕು. ನಾನೂ ಆವತ್ತು ಚಿಕ್ಕಪ್ಪನ ಜೊತೆ ಮಾರುಕಟ್ಟೆಗೆ ಹೋಗಿದ್ದೆ. ಒಳ್ಳೆ ಗೂಡು. ಕೈಯಲ್ಲಿ ಹಿಡಿದು ಅದುಮಿದರೂ ಬಗ್ಗದಷ್ಟು ಗಟ್ಟಿ, ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗಿನ ಹುಳು ಟಕ ಟಕ ಅನ್ನುತ್ತಿತ್ತು. ಹರಾಜಿನಲ್ಲಿ ಹಿಂದಿನ ಬೆಳೆಯ ಅರ್ಧ ರೇಟೂ ಬರಲಿಲ್ಲ. ಚಿಕ್ಕಪ್ಪ ಒಂದು ಹಿಡಿ ಗೂಡು ತಗೊಂಡು ಜೇಬಿಗೆ ಹಾಕಿಕೊಂಡು ಹೊರಗೆ ಬಂದು ಟೀ ಅಂಗಡಿ ಮುಂದೆ ಕೂತರು. ಟೀ ಆರಿ ಹೋಯಿತು, ಕುಡಿಯಲಿಲ್ಲ. "ಈ ರೀಲರ್‌ಗಳೆಲ್ಲ ಒಳಗೊಳಗೇ ಒಂದಾಗಿ ಬೆಲೆ ಇಳಿಸ್ತಾವ್ರೆ" ಅಂದರು. ರೀಲರ್ ಅಂದರೆ ಗೂಡು ಕೊಂಡು ನೂಲು ಬಿಚ್ಚುವವರು.

ಆದರೆ ನಡೆದಿದ್ದೇ ಬೇರೆ. ಆ ವರ್ಷದ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ 30ರಿಂದ ಶೇಕಡಾ 5ಕ್ಕೆ ಇಳಿಸಿದ್ದರು. ಚೀನಾದ ನೂಲು ಅಗ್ಗವಾಗಿ ಬರೋದಕ್ಕೆ ದಾರಿ ಆಯಿತು. ನೂಲಿನ ಬೆಲೆ ಬಿದ್ದರೆ ಗೂಡಿನ ಬೆಲೆಯೂ ಬೀಳಲೇಬೇಕಲ್ಲ. ಇದು ಕಾಡಿನಲ್ಲಿ ಪಂಜು ಹಿಡಿದು ಮಾಡಿದ ತೀರ್ಮಾನ ಅಲ್ಲ. ಪಾರ್ಲಿಮೆಂಟಿನಲ್ಲಿ ಇಟ್ಟ ಬಜೆಟ್ಟು. ನಮ್ಮ ಮನೆಯಲ್ಲಿ ಅವತ್ತು ಟಿವಿಯೂ ಹಾಕಿತ್ತು. ಸೊಪ್ಪು ಕೊಯ್ಯುವ ಹೊತ್ತು, ಯಾರೂ ಕೇಳಿಸಿಕೊಳ್ಳಲಿಲ್ಲ.

ನೂಲು ಬಿಚ್ಚುವವರ ಗತಿಯೂ ಅದೇ ಆಯಿತು. ನಮ್ಮ ಗೂಡನ್ನು ಎಷ್ಟೋ ವರ್ಷದಿಂದ ಕೊಳ್ಳುತ್ತಿದ್ದ ರೀಲರ್ ಸಾಬರು ಒಬ್ಬರಿದ್ದಾರೆ. ಅವರ ಮನೆ ಹಿಂದೆಯೇ ಕಾಟೇಜ್ ಬೇಸಿನ್, ಅಂದರೆ ಬಿಸಿನೀರಿನಲ್ಲಿ ಗೂಡು ಹಾಕಿ ನೂಲು ಬಿಚ್ಚುವ ಸಲಕರಣೆ, ಇಟ್ಟಿದ್ದರು. ಕುದಿಯುವ ನೀರಿನಿಂದ ಎಳೆ ಹಿಡಿದೂ ಹಿಡಿದೂ ಅವರ ಹೆಂಡತಿಯ ಬೆರಳ ತುದಿ ಬಿಳಿಚಿಕೊಂಡು ಸುಕ್ಕಾಗಿತ್ತು. ಆ ಬೆರಳು ನಾನು ಮರೆಯಲ್ಲ. ಆ ವರ್ಷ ಬೇಸಿನ್‌ಗಳಲ್ಲಿ ಅರ್ಧ ನಿಲ್ಲಿಸಿದರು. ಹುಡುಗರಿಬ್ಬರು ಬೆಂಗಳೂರಿಗೆ ಕೆಲಸಕ್ಕೆ ಹೋದರು. ಬೆಲೆ ಇಳಿಸಿ ಲಾಭ ಹೊಡೆದವರ ಮನೆ ಹಾಗಿರುತ್ತಾ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಚಿಕ್ಕಪ್ಪ ಇವತ್ತಿಗೂ ಆ ಸಾಬರ ಜೊತೆ ಮಾತಾಡಲ್ಲ.

ಗೂಬೆಯ ವಿಡಿಯೋ ಬಂದ ಮಾರನೇ ದಿನ ಅದೇ ಗುಂಪಿಗೆ ಚಿಕ್ಕಪ್ಪ ಇನ್ನೊಂದು ಹಾಕಿದರು. 'ಅವರೆಲ್ಲ ಗುಟ್ಟಾಗಿ ಸೇರಿಕೊಂಡಿದ್ದಾರೆ, ಅವರಿಗೆ ಮಾರಬೇಡಿ, ಅವರ ಹತ್ತಿರ ಕೊಳ್ಳಬೇಡಿ.' ಎರಡನ್ನೂ ಮೇಲೆ ಕೆಳಗೆ ಇಟ್ಟು ನೋಡಿದೆ. ಮಾತಿನ ವರಸೆ ಒಂದೇ. ಮೊದಲನೆಯದರಲ್ಲಿ ಎಲ್ಲೋ ಅಮೆರಿಕದ ಸಾಹುಕಾರರು. ಎರಡನೆಯದರಲ್ಲಿ ನಮ್ಮ ಟೌನಿನ ಎರಡನೇ ಬೀದಿಯವರು, ಆ ಸಾಬರಂಥವರು.

ಇದು ಹೊಸದೂ ಅಲ್ಲ. ಯೆಹೂದಿ ಹಿರಿಯರು ಗುಟ್ಟಾಗಿ ಸೇರಿ ಜಗತ್ತನ್ನೇ ಹಿಡಿಯುವ ಸಂಚು ಮಾಡಿದ್ದಾರೆ ಅಂತ ಒಂದು ನಕಲಿ ದಾಖಲೆ 1903ರಲ್ಲಿ ರಷ್ಯಾದಲ್ಲಿ ಅಚ್ಚಾಯಿತು. ಬೇರೆ ಪುಸ್ತಕದಿಂದ ಕದ್ದು ಹೊಂದಿಸಿದ್ದು ಅಂತ ಲಂಡನ್ನಿನ 'ಟೈಮ್ಸ್' ಪತ್ರಿಕೆ 1921ರಲ್ಲೇ ತೋರಿಸಿಕೊಟ್ಟಿತು. ಆದರೂ ಜನ ನಂಬೋದು ನಿಲ್ಲಲಿಲ್ಲ. ನಾಜಿಗಳು ಅದನ್ನೇ ಹಿಡಿದುಕೊಂಡು ಪ್ರಚಾರ ಮಾಡಿದರು. ಮುಂದೆ ಏನಾಯಿತು ಅಂತ ಎಲ್ಲರಿಗೂ ಗೊತ್ತು.

ಇಲ್ಲಿ ನಾನು ಚಿಕ್ಕಪ್ಪನ ಜೊತೆ ಜಗಳಕ್ಕೇ ನಿಂತೆ. ಯಾರೋ ಎಲ್ಲೋ ಕೂತು ನಮ್ಮ ಬೆಲೆ ತೀರ್ಮಾನ ಮಾಡುತ್ತಾರೆ ಅನ್ನೋದು ನಿಜ ಅಂದೆ. ಆದರೆ ಅದು ಯಾರು ಅಂತ ಸರಿಯಾಗಿ ಗೊತ್ತಾದರೆ ಹೋಗಿ ಕೇಳಬಹುದು. 2011ರ ಸುಂಕದ ಮೇಲೆ ರೈತರು ಬೀದಿಗೆ ಬಂದರು, ರಸ್ತೆ ತಡೆದರು, ಮನವಿ ಕೊಟ್ಟರು. ಎರಡು ವರ್ಷ ಹಿಡಿಯಿತು. 2013ರಲ್ಲಿ ಸುಂಕ ಶೇಕಡಾ 15ಕ್ಕೆ ಏರಿತು. ಸಾಕಾಗಲಿಲ್ಲ, ಆದರೂ ಏರಿತು. ಅದೇ ಬೊಹೆಮಿಯನ್ ಕ್ಲಬ್ಬನ್ನೇ ನೋಡಿ. ಹೆಂಗಸರನ್ನು ಕೆಲಸಕ್ಕೆ ತಗೊಳ್ಳಲ್ಲ ಅಂತ ಹಟ ಹಿಡಿದಿದ್ದರು. 1986ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ಕೋರ್ಟು ಅವರ ಮಾತನ್ನು ಒಪ್ಪಲಿಲ್ಲ. ಅಡುಗೆ, ಬಡಿಸುವ ಕೆಲಸದ ಲೆಕ್ಕ ಹಿಡಿದು ವಾದ ಮಾಡಿದವರು ಆ ಬಾಗಿಲನ್ನು ಸ್ವಲ್ಪ ಸರಿಸಿದರು. ಗೂಬೆ ನೋಡಿ ಕಿರುಚಿದವರಿಂದ ಏನೂ ಆಗಲಿಲ್ಲ.

ಒಂದು ವಿಡಿಯೋ ನೋಡಿದ ಮೇಲೆ ನಮ್ಮ ಕೈಯಲ್ಲಿ ಏನಾದರೂ ಆಗುತ್ತೆ ಅನ್ನಿಸಬೇಕು, ಇಲ್ಲಾ ಒಂದು ವಿಷಯವಾದರೂ ತಿಳಿಯಬೇಕು. ಈ ವಿಡಿಯೋಗಳು ಅದೆರಡೂ ಕೊಡಲ್ಲ. ಚಿಕ್ಕಪ್ಪ ಈಚೆಗೆ ಹರಾಜಿಗೂ ಸರಿಯಾಗಿ ಗಮನ ಕೊಡಲ್ಲ, ರೈತ ಸಂಘದ ಸಭೆಗೂ ಹೋಗಲ್ಲ. "ಎಲ್ಲಾ ಅಲ್ಲೇ ಮುಗಿದಿರುತ್ತೆ, ನಾವು ಹೋಗಿ ಏನು ಕಿಸಿಯೋದು" ಅಂತಾರೆ. ನನಗೆ ಹೊಟ್ಟೆ ಉರಿಯೋದು ಇದಕ್ಕೆ. ಸಭೆಯಲ್ಲಿ ಎದ್ದು ನಿಂತು ಅಧಿಕಾರಿಯ ಬಾಯಿ ಮುಚ್ಚಿಸುತ್ತಿದ್ದ ಮನುಷ್ಯ ಅವರು.

ಈಗ ಮನೆಯಲ್ಲಿ ಹುಳು ಹಣ್ಣಾಗಿದೆ, ಗೂಡು ಕಟ್ಟೋಕೆ ತಯಾರಾಗಿದೆ. ನಿನ್ನೆಯಿಂದ ಆರಿಸಿ ಚಂದ್ರಿಕೆಗೆ, ಅಂದರೆ ಹುಳು ಗೂಡು ಕಟ್ಟುವ ತಟ್ಟಿಗೆ, ಬಿಡುತ್ತಿದ್ದಾರೆ. ಮುಂದಿನ ವಾರ ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಬೇಕು. ರಜೆ ಹಾಕಿ ನಾನೂ ಜೊತೆಗೆ ಹೋಗುತ್ತಿದ್ದೇನೆ. ಹರಾಜು ಮುಗಿದ ಮೇಲೆ ಸಾಬರ ಮನೆಗೆ ಹೋಗಿ ಒಂದು ಟೀ ಕುಡಿದು ಬರೋಣ ಅಂತ ಚಿಕ್ಕಪ್ಪನಿಗೆ ಹೇಳಿದ್ದೇನೆ. ಬರ್ತೀನಿ ಅಂದಿಲ್ಲ. "ಅವರ ಹೆಂಡತಿಗೆ ಹುಷಾರಿಲ್ಲ ಅಂತಿದ್ರಲ್ಲ, ಈಗ ಹೆಂಗವ್ರೆ?" ಅಂತ ಕೇಳಿದರು.