ಬೂಟ್‌ಡಿಲೇ ಅಂದರೆ ಬೂಟ್‌ನ ಡಿಲೇ

ನಿನ್ನೆ ಸಂಜೆ ಆರರಿಂದ ಒಂಬತ್ತರವರೆಗೆ ಒಂದು ಸರ್ಕ್ಯೂಟ್ ಬೋರ್ಡ್ ಮುಂದೆ ಕೂತು ಸ್ಪೇಸ್ ಬಾರ್ ಕುಟ್ಟಿದೆ. ಬೆರಳು ಇನ್ನೂ ನೋಯುತ್ತಿದೆ.

ಯು-ಬೂಟ್ ಅಂದರೆ ಇಂಥ ಬೋರ್ಡಿನಲ್ಲಿ ಲಿನಕ್ಸ್‌ಗಿಂತ ಮೊದಲು ಎದ್ದು, ಅದನ್ನು ಎಬ್ಬಿಸುವ ಪ್ರೋಗ್ರಾಂ. ಅದರ ಜೊತೆ ಏಗುವವರಿಗೆ ಈ ಕುಟ್ಟುವ ಕೆಲಸ ಹೊಸದಲ್ಲ. ಪವರ್ ಕೊಟ್ಟ ಕೂಡಲೇ ಪರದೆಯಲ್ಲಿ ಮೂರು, ಎರಡು, ಒಂದು ಅಂತ ಎಣಿಕೆ ಬರುತ್ತದೆ. ಅಷ್ಟರೊಳಗೆ ಒಂದು ಕೀ ಒತ್ತಿದರೆ ಒಳಗೆ, ಅಂದರೆ ಕಮ್ಯಾಂಡ್ ಕೊಡುವ ಪ್ರಾಂಪ್ಟಿಗೆ ಹೋದಿರಿ, ಇಲ್ಲವಾದರೆ ಲಿನಕ್ಸ್ ಎದ್ದುಬಿಡುತ್ತದೆ. ಎಷ್ಟು ಸೆಕೆಂಡ್ ಕಾಯಬೇಕು ಅಂತ ಹೇಳುವ ವೇರಿಯಬಲ್ಲೇ ಬೂಟ್‌ಡಿಲೇ.

ನಮ್ಮ ಟೀಮಿನಲ್ಲಿ ಇಂಥ ವೇರಿಯಬಲ್, ಕಮ್ಯಾಂಡ್‌ಗಳನ್ನೆಲ್ಲ ವಿವರಿಸುವ ಡಾಕ್ಯುಮೆಂಟ್ ಒಂದಿದೆ. ಬರೆದವರು ನಮ್ಮ ಸೀನಿಯರ್. ಕೋಡ್ ಬರೆಯುವುದರಲ್ಲಿ ಅವರಿಗೆ ಸಾಟಿಯಿಲ್ಲ. ವಿವರಣೆ ಬರೆಯಲು ಕೂರಿಸಿದರೆ ಮಾತ್ರ ಹೆಸರನ್ನೇ ಬಿಡಿಸಿ ಬರೆದು ಎದ್ದುಬಿಡುತ್ತಾರೆ. ‘ಸರ್ವರ್‌ಐಪಿ: ಸರ್ವರ್‌ನ ಐಪಿ.’ ‘ಬಾಡ್‌ರೇಟ್: ಬಾಡ್ ರೇಟ್.’ ‘ಬೂಟ್‌ಆರ್ಗ್ಸ್: ಬೂಟ್‌ನ ಆರ್ಗ್ಯುಮೆಂಟ್‌ಗಳು.’ ಮೆಮೊರಿ ತೋರಿಸುವ ಎಂಡಿ ಕಮ್ಯಾಂಡಿಗೆ ‘ಮೆಮೊರಿ ತೋರಿಸುತ್ತದೆ’ ಅಂತಿದೆ. ಅದಕ್ಕೆ 10 ಅಂತ ಕೊಟ್ಟರೆ ಹೆಕ್ಸ್, ಅಂದರೆ ಹದಿನಾರರ ಲೆಕ್ಕದಲ್ಲಿ ಹದಿನಾರು ಅಂತ ಓದಿಕೊಳ್ಳುತ್ತದೆ, ಆದರೆ ಸ್ಲೀಪ್ ಕಮ್ಯಾಂಡಿಗೆ 10 ಕೊಟ್ಟರೆ ಹತ್ತೇ ಸೆಕೆಂಡ್ ಮಲಗುತ್ತದೆ. ಇದನ್ನು ಬರೆಯಬೇಕು ಅಂತ ಯಾರಿಗೂ ಅನಿಸಿಲ್ಲ. ಒಮ್ಮೆ ಧೈರ್ಯ ಮಾಡಿ, “ಸರ್, ಇನ್ನೊಂಚೂರು ವಿವರ ಹಾಕಬಹುದಾ?” ಅಂದೆ. “ಹೆಸರಲ್ಲೇ ಎಲ್ಲ ಇದೆಯಲ್ರೀ” ಅಂದರು. ಹೋಗಲಿ ಬಿಡಿ, ನಮ್ಮ ಅಪ್ಪಾಜಿನಗರದ ಬಸ್ಸಿನ ಬೋರ್ಡ್ ನೋಡಿ ಹತ್ತಿದವರೆಲ್ಲ ಸರಿಯಾದ ಜಾಗದಲ್ಲಿ ಇಳಿಯುತ್ತಾರಾ?

ಬೂಟ್‌ಡಿಲೇಗೆ ಮಾತ್ರ ಅವರು ಸ್ವಲ್ಪ ಕೈ ಬಿಚ್ಚಿದ್ದರು. ‘ಬೂಟ್‌ನ ಡಿಲೇ. -1, -2 ಕೂಡ ಕೊಡಬಹುದು.’

ಕೊಟ್ಟರೆ ಏನಾಗುತ್ತದೆ? ಹೇಳಿಲ್ಲ. ಪಿಸಿಗಳಲ್ಲಿ ಇದೇ ಕೆಲಸ ಮಾಡುವ ಗ್ರಬ್‌ನಲ್ಲಿ ಟೈಮ್‌ಔಟ್ -1 ಇಟ್ಟರೆ ನಾವು ಆರಿಸುವವರೆಗೂ ಕಾಯುತ್ತದೆ ಅಂತ ನನಗೆ ಗೊತ್ತಿತ್ತು. -1 ಅಂದರೆ ಕಾಯುವುದಾದರೆ, -2 ಅಂದರೆ ಇನ್ನೂ ಭಕ್ತಿಯಿಂದ ಕಾಯಬಹುದು ಅಂದುಕೊಂಡೆ. -2 ಹಾಕಿದೆ. ಜೊತೆಗೆ ಲಿನಕ್ಸ್‌ಗೆ ಸೂಚನೆ ಕೊಡುವ ಬೂಟ್‌ಆರ್ಗ್ಸ್‌ನಲ್ಲಿ ರೂಟ್ ಪಾರ್ಟಿಷನ್, ಅಂದರೆ ಲಿನಕ್ಸ್ ತನ್ನ ಫೈಲುಗಳನ್ನು ಹುಡುಕುವ ಜಾಗ ಬದಲಿಸಿ, ಎಲ್ಲ ಉಳಿಸುವ ಸೇವ್‌ಎನ್ವ್ ಕಮ್ಯಾಂಡ್ ಕೊಟ್ಟು, ರೀಸೆಟ್ ಮಾಡಿದೆ.

ಯು-ಬೂಟ್‌ನಲ್ಲಿ -1 ಅಂದರೆ ತಾನಾಗಿ ಬೂಟ್ ಆಗುವುದೇ ಇಲ್ಲ, ಪ್ರಾಂಪ್ಟಿನಲ್ಲೇ ನಿಲ್ಲುತ್ತದೆ. -2 ಅಂದರೆ ಒಂದು ಕ್ಷಣವೂ ಕಾಯಬೇಡ, ಯಾರು ಕೀ ಒತ್ತಿದರೂ ತಿರುಗಿ ನೋಡಬೇಡ, ಹೊರಡು ಅಂತ. ಹೊರಟಿತು. ನಾನು ಕೊಟ್ಟ ಪಾರ್ಟಿಷನ್ ನಂಬರ್ ತಪ್ಪು, ಕರ್ನಲ್ ಪ್ಯಾನಿಕ್, ಅಂದರೆ ಲಿನಕ್ಸ್ ಮುಂದೆ ಹೋಗಲಾರದೆ ಕೈಚೆಲ್ಲಿತು. ಪ್ಯಾನಿಕ್ ಆದರೆ ಐದು ಸೆಕೆಂಡಿಗೆ ರೀಬೂಟ್ ಆಗು ಅಂತ ಹಾಕಿಟ್ಟಿದ್ದವನೂ ನಾನೇ. ಮತ್ತೆ ಹೊರಟಿತು, ಮತ್ತೆ ಬಿತ್ತು. ನಾನು ಸ್ಪೇಸ್ ಬಾರ್ ಕುಟ್ಟುತ್ತಲೇ ಇದ್ದೆ. ಹೌಸ್‌ಕೀಪಿಂಗ್ ಅಕ್ಕ ಬಂದು, “ಏನ್ ಸಾರ್, ಗೇಮಾ?” ಅಂದರು. ಕೊನೆಗೆ ಎಲ್ಲಿಂದ ಬೂಟ್ ಆಗಬೇಕು ಅಂತ ಹೇಳುವ ಬೋರ್ಡಿನ ಜಂಪರ್ ಬದಲಿಸಿ, ಎಸ್‌ಡಿ ಕಾರ್ಡಿನಿಂದ ಬೂಟ್ ಮಾಡಿ ಸರಿಪಡಿಸುವಷ್ಟರಲ್ಲಿ ಆಫೀಸ್ ಕ್ಯಾಬ್ ಹೋಗಿತ್ತು.

ಆಟೋದಲ್ಲಿ ಬರುವಾಗ ಊರಿನ ಬೋರ್‌ವೆಲ್ ಸ್ಟಾರ್ಟರ್ ನೆನಪಾಯಿತು. ಅದರ ಪಕ್ಕ ಅಪ್ಪ ಅಂಟಿಸಿದ್ದ ಚೀಟಿ: ‘ಹಸಿರು ಒತ್ತಿ ಮೂರು ಎಣಿಸಿ ಬಿಡಿ. ಜಾಸ್ತಿ ಹಿಡಿಯಬೇಡಿ, ಕೆಪಾಸಿಟರ್ ಹೋಗುತ್ತೆ. ಹೋದ ಯುಗಾದಿಗೆ ಹೋಗಿದೆ.’ ಅಪ್ಪ ಈಗಿಲ್ಲ. ಚೀಟಿ ಹಳದಿಯಾಗಿದೆ, ಅದನ್ನು ನೋಡಿಯೇ ಈಗಲೂ ಮೋಟರ್ ಹಾಕುತ್ತೇವೆ.

ಇವತ್ತು ಬೆಳಿಗ್ಗೆ ಕೂತು ಬೂಟ್‌ಡಿಲೇಗೆ ನಾಲ್ಕು ಸಾಲು ಬರೆದೆ. ಕೊನೆಯ ಸಾಲು: ‘-2 ಹಾಕಿ ಸೇವ್ ಮಾಡಬೇಡಿ, ನಿನ್ನೆ ಒಬ್ಬರು ಮಾಡಿದ್ದಾರೆ.’

ಮಧ್ಯಾಹ್ನ ರಿವ್ಯೂ ಬಂತು. “ಚೆನ್ನಾಗಿದೆ. ಒಂದೇ ಸಾಲಿಗೆ ಇಳಿಸಿ.”