ಬರುವವರಿಗೆ ಪೇಟ, ಬಂದವರಿಗೆ ಗುಂಡಿ

ಯಾವ ದೇಶ ಉದ್ಯಮಕ್ಕೆ ಎಷ್ಟು ಯೋಗ್ಯ ಎಂಬುದನ್ನು ಅಳೆಯಲು ವಿಶ್ವ ಬ್ಯಾಂಕು ಹಲವು ವರ್ಷ ಹೆಣಗಿತು. ಕೊನೆಗೆ ಅಂಕಿಅಂಶಗಳಲ್ಲೇ ಅಕ್ರಮ ಪತ್ತೆಯಾಗಿ, 2021ರಲ್ಲಿ ಆ ವರದಿಯನ್ನೇ ನಿಲ್ಲಿಸಿಬಿಟ್ಟಿತು. ಭಾರತದ ಸ್ಥಾನ ನಿರ್ಧರಿಸಲು ಅದು ನೋಡುತ್ತಿದ್ದುದು ಮುಂಬೈ ಮತ್ತು ದೆಹಲಿಯನ್ನು ಮಾತ್ರ. ಬೆಂಗಳೂರಿಗೆ ಬಂದಿದ್ದರೆ ಇಷ್ಟು ಹೆಣಗುವ ಅಗತ್ಯವೇ ಇರಲಿಲ್ಲ. ಇನ್ನೂ ಬಾರದಿರುವ ಉದ್ಯಮಿಗೆ ಈ ಊರಿಗಿಂತ ಒಳ್ಳೆಯ ಊರು ಭೂಮಂಡಲದಲ್ಲಿಲ್ಲ.

ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು, ಕೇಸರಿಬಾತು ಬಡಿಸುವಾಗಿನ ಉತ್ಸಾಹ, ಅದೇ ಹುಡುಗ ಅಳಿಯನಾಗಿ ಹತ್ತು ವರ್ಷ ಕಳೆದ ಮೇಲೆ ಯಾವ ಮನೆಯಲ್ಲೂ ಉಳಿಯುವುದಿಲ್ಲ. ಬೆಂಗಳೂರು ಈ ಗೃಹಸ್ಥಧರ್ಮವನ್ನು ಕೈಗಾರಿಕಾ ನೀತಿಯ ಎತ್ತರಕ್ಕೆ ಏರಿಸಿದೆ. 2025ರ ಫೆಬ್ರವರಿಯಲ್ಲಿ ಅರಮನೆ ಮೈದಾನದಲ್ಲಿ ನಡೆದ ಜಾಗತಿಕ ಹೂಡಿಕೆದಾರರ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿ ಹೂಡುವ ಭರವಸೆ ಹರಿದುಬಂತು. ಭರವಸೆ ಹರಿಯುವುದಕ್ಕೆ ರಾಜಕಾಲುವೆಯ ಹೂಳೆತ್ತಬೇಕಾಗಿಲ್ಲ ಎಂಬುದು ನಮ್ಮ ಪುಣ್ಯ.

ಬಂದು ನೆಲೆಸಿದವರ ಕಥೆ ಬೇರೆ. 2022ರ ಆಗಸ್ಟ್ ಕೊನೆಯ ಮಳೆಗೆ ಹೊರವರ್ತುಲ ರಸ್ತೆ ಕೆರೆಯಾದಾಗ, ತಮ್ಮ ನೌಕರರು ಐದು ಗಂಟೆ ದಾರಿಯಲ್ಲೇ ಸಿಕ್ಕಿಕೊಂಡರೆಂದೂ ಒಂದು ದಿನದ ನಷ್ಟ 225 ಕೋಟಿ ರೂಪಾಯಿಯೆಂದೂ ಅಲ್ಲಿನ ಕಂಪನಿಗಳ ಸಂಘವು ಮುಖ್ಯಮಂತ್ರಿಗಳಿಗೆ ಪತ್ರ ಬರೆಯಿತು. ಮರುವಾರ ಮತ್ತೆ ಮಳೆ ಸುರಿದಾಗ ಸಾಫ್ಟ್‌ವೇರ್ ಇಂಜಿನಿಯರುಗಳು ಲ್ಯಾಪ್‌ಟಾಪ್ ಚೀಲವನ್ನು ಎದೆಗವಚಿಕೊಂಡು ಟ್ರಾಕ್ಟರ್ ಏರಿ ಕಚೇರಿಗೆ ಹೊರಟರು. ಕೃಷಿಗೂ ಮಾಹಿತಿ ತಂತ್ರಜ್ಞಾನಕ್ಕೂ ಇರುವ ಕಂದಕವನ್ನು ಮುಚ್ಚಬೇಕೆಂದು ಎಷ್ಟೋ ವಿಚಾರಗೋಷ್ಠಿಗಳಲ್ಲಿ ಕೇಳಿದ್ದೆವು. ಅದನ್ನು ಒಂದು ಮಳೆ ಸಾಧಿಸಿತು. ಇದಾಗಿ ಎರಡೇ ತಿಂಗಳಿಗೆ, ನವೆಂಬರಿನಲ್ಲಿ, ಅದೇ ಅರಮನೆ ಮೈದಾನದಲ್ಲಿ ಸುಮಾರು 9.8 ಲಕ್ಷ ಕೋಟಿ ರೂಪಾಯಿಯ ಭರವಸೆ ದೊರೆಯಿತು. ಮೈದಾನ ಎತ್ತರದಲ್ಲಿದೆ.

ಮೂರು ವರ್ಷಗಳ ಬಳಿಕ ಇನ್ನೂ ದೊಡ್ಡ ಉಪಾಯವೊಂದು ಹೊಳೆಯಿತು. ಕಂಪನಿಯ ನೌಕರರು ಊರಿನ ರಸ್ತೆಯಲ್ಲಿ ಓಡಾಡುವುದು ಲೋಕರೂಢಿ. ಊರೇ ಕಂಪನಿಯ ರಸ್ತೆಯಲ್ಲಿ ಓಡಾಡಿದರೆ ಹೇಗೆ? ಸರ್ಜಾಪುರ ರಸ್ತೆಯ ಆವರಣದೊಳಗೆ ವಾಹನಗಳಿಗೆ ದಾರಿ ಬಿಡಬೇಕೆಂದು 2025ರ ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿಗಳು ವಿಪ್ರೋ ಕಂಪನಿಯ ಅಜೀಂ ಪ್ರೇಮ್‌ಜಿ ಅವರಿಗೆ ಪತ್ರ ಬರೆದರು. ಅದು ಖಾಸಗಿ ಸ್ವತ್ತು, ವಿಶೇಷ ಆರ್ಥಿಕ ವಲಯ ಎಂದು ಅವರು ವಿನಯದಿಂದಲೇ ಒಲ್ಲೆ ಎಂದರು. ಒಪ್ಪಿದ್ದರೆ ಚೆನ್ನಾಗಿತ್ತು; ಮುಂದಿನ ಬೇಸಿಗೆಯಲ್ಲಿ ನೀರಿಗೂ ಅವರ ಟ್ಯಾಂಕನ್ನೇ ಕೇಳಬಹುದಿತ್ತು.

ಸರ್ಕಾರಕ್ಕೆ ಸ್ವಂತ ರಸ್ತೆಯ ಯೋಚನೆ ಇಲ್ಲವೆಂದಲ್ಲ. ಸುಮಾರು 73 ಕಿಲೋಮೀಟರ್ ಉದ್ದದ ಪೆರಿಫೆರಲ್ ರಿಂಗ್ ರಸ್ತೆಗೆ 2007ರಲ್ಲೇ ಅಂತಿಮ ಅಧಿಸೂಚನೆ ಹೊರಬಿತ್ತು. ಆ ಗೆರೆಯೊಳಗೆ ಸಿಕ್ಕ ರೈತರು ಜಮೀನನ್ನು ಮಾರಲಾಗದೆ, ಮನೆ ಕಟ್ಟಲಾಗದೆ, ಪರಿಹಾರವನ್ನೂ ಕಾಣದೆ ವರ್ಷಗಟ್ಟಲೆ ಕಾದರು. ರಸ್ತೆಗೆ ಡಾಂಬರು ಬೀಳುವ ಮೊದಲೇ ನಾಮಕರಣ ಮಾತ್ರ ಎರಡನೆಯ ಸಲ ನಡೆಯಿತು: ಈಗ ಅದು ‘ಬೆಂಗಳೂರು ಬಿಸಿನೆಸ್ ಕಾರಿಡಾರ್’. ಉದ್ಯಮಸ್ನೇಹಿ ನಗರಕ್ಕೆ ಬೇಕಾದ ರಸ್ತೆಯನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ಬೇರೆ ಯಾರು ಕೊಟ್ಟಾರು?

ಕೃತಕ ಬುದ್ಧಿಮತ್ತೆಯ ಏಕಗವಾಕ್ಷಿ ವ್ಯವಸ್ಥೆಯೂ 2025ರ ಸಮಾವೇಶದಲ್ಲೇ ಅನಾವರಣಗೊಂಡಿತು. ಗವಾಕ್ಷಿ ಎಂದರೆ ಕಿಟಕಿ. ನಮ್ಮ ಬೀದಿಯಲ್ಲಿ ಆರು ಮೇಜಿನ ಟಿಫಿನ್ ಹೋಟೆಲು ನಡೆಸುವ ಮಾಲೀಕರು ಟ್ರೇಡ್ ಲೈಸೆನ್ಸಿನ ಕೆಲಸಕ್ಕೆ ಹೋದಾಗ ಕಂಡದ್ದೂ ಕಿಟಕಿಯೇ, ಅದರ ಒಂದು ಬಾಗಿಲು ಮುಚ್ಚಿತ್ತು. ತೆರೆದಿದ್ದ ಬಾಗಿಲಿನಾಚೆಯಿಂದ ಗುಮಾಸ್ತರು ತಲೆಯೆತ್ತದೆ, “ಸರ್ವರ್ ಇಲ್ಲ, ನಾಳೆ ಬನ್ನಿ” ಎಂದರಂತೆ. ನಾಲ್ಕನೆಯ ನಾಳೆಯ ದಿನ ಮಾಲೀಕರ ತಾಳ್ಮೆ ತಪ್ಪಿತು. “ನಮ್ಮ ಹೋಟೆಲಲ್ಲಿ ಸರ್ವರ್ ಬರದಿದ್ದರೆ ನಾನೇ ತಟ್ಟೆ ತಂದಿಡ್ತೀನಿ ಸ್ವಾಮಿ, ನಾಳೆ ತಿನ್ನಿ ಅನ್ನಲ್ಲ” ಎಂದುಬಿಟ್ಟರು. ಅಷ್ಟರಲ್ಲಿ ಮಹಾನಗರ ಪಾಲಿಕೆ ಒಡೆದು ಐದಾಗಿತ್ತು. ತಮ್ಮ ಇಡ್ಲಿ ಯಾವ ಪಾಲಿಕೆಯ ವ್ಯಾಪ್ತಿಗೆ ಬರುತ್ತದೆಂದು ತಿಳಿದುಕೊಂಡು ಬರುವಂತೆ ಅವರಿಗೆ ಸೂಚನೆ ದೊರೆಯಿತು.

ಈಗ ಅವರು ಬೇರೆಯದೇ ಲೆಕ್ಕ ಹಾಕಿದ್ದಾರೆ. ಹೋಟೆಲನ್ನು ಎರಡು ದಿನ ಮುಚ್ಚಿ, ಊರಿಗೆ ಹೋಗಿ, ಅಲ್ಲಿಂದ ಹೊಸ ಹೂಡಿಕೆದಾರರಾಗಿ ಮುಂದಿನ ಸಮಾವೇಶಕ್ಕೆ ಹೆಸರು ನೋಂದಾಯಿಸುತ್ತಾರಂತೆ. ನಿನ್ನೆ ಕಾಫಿ ಲೋಟ ಇಡುತ್ತ, ಮೈಸೂರು ಪೇಟಕ್ಕೆ ತಲೆಯ ಅಳತೆಯನ್ನು ಅರ್ಜಿಯಲ್ಲೇ ಬರೆಯಬೇಕೋ ಅಥವಾ ಅಲ್ಲಿಗೆ ಹೋದ ಮೇಲೆ ಕೊಟ್ಟರೆ ಸಾಕೋ ಎಂದು ನನ್ನನ್ನು ಕೇಳಿದರು.