ಸೋರಲೇಬೇಕಾದ ಕಾಲುವೆ

ಕಾಲುವೆ ಸೋರುತ್ತಿದೆ ಅಂದ ತಕ್ಷಣ ನಮ್ಮ ಕಡೆ ಮೊದಲು ನೆನಪಾಗುವುದು ಕಂಟ್ರಾಕ್ಟರು. ಸಿಮೆಂಟು ಎಷ್ಟು ಹಾಕಿದ, ಎಷ್ಟು ನುಂಗಿದ ಎಂಬ ಲೆಕ್ಕ ಶುರುವಾಗುತ್ತದೆ. ದಕ್ಷಿಣ ಸ್ಪೇನಿನ ಒಂದು ಕಣಿವೆಯಲ್ಲಿ ಮಾತ್ರ ಇದು ಉಲ್ಟಾ. ಅಲ್ಲಿ ಬೆಟ್ಟದ ಮೇಲಿನ ಕಾಲುವೆ ಸೋರದಿದ್ದರೆ ಕೆಳಗಿನ ರೈತ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ.

ಆ ಸೀಮೆಯ ಹೆಸರು ಅಲ್ಪುಹಾರಾ. ಗ್ರಾನಡಾ ಪಟ್ಟಣದ ಬೆನ್ನಿಗೆ ಸಿಯೆರಾ ನೆವಾಡಾ ಎಂಬ ಹಿಮದ ಬೆಟ್ಟಸಾಲು ಇದೆಯಲ್ಲ, ಅದರ ದಕ್ಷಿಣದ ಇಳಿಜಾರು. ಪೊಕೇಯ್ರಾ ಹೊಳೆ ಕೊರೆದ ಕಣಿವೆಯಲ್ಲಿ ಒಂದರ ಮೇಲೊಂದು ಮೂರು ಊರುಗಳು: ಕೆಳಗೆ ಪಂಪನೇಯ್ರಾ, ನಡುವೆ ಬುಬಿಯೋನ್, ಮೇಲೆ ಕಪಿಲೇಯ್ರಾ. ನಾನು ಉಳಿದುಕೊಂಡದ್ದು ನಡುವಿನದರಲ್ಲಿ. ಹೆಚ್ಚುಕಡಿಮೆ ಮುನ್ನೂರು ಜನರ ಊರು. ಗ್ರಾನಡಾದಿಂದ ಬರುವ ಬಸ್ಸು ಎಷ್ಟು ತಿರುವು ಹಾಕುತ್ತದೆಂದರೆ, ಕಿಟಕಿ ಪಕ್ಕ ಕೂತವರು ಕಣಿವೆ ನೋಡುತ್ತಾರೆ, ಉಳಿದವರು ಹೊಟ್ಟೆ ಹಿಡಿದುಕೊಳ್ಳುತ್ತಾರೆ.

ಮನೆಗಳೆಲ್ಲ ಸುಣ್ಣದ ಬಿಳಿ. ಇಳಿಜಾರಿನಲ್ಲಿ ಒತ್ತೊತ್ತಾಗಿ ಕಟ್ಟಿರುವುದರಿಂದ ಒಬ್ಬರ ಮಾಡು ಮೇಲಿನವರ ಅಂಗಳದ ಮಟ್ಟಕ್ಕೆ ಬಂದಿರುತ್ತದೆ. ಕೆಲವು ಕಡೆ ಮನೆ ಬೀದಿಯನ್ನೂ ದಾಟಿ ಎದುರು ಗೋಡೆಗೆ ಕೈ ಚಾಚಿದೆ. ಅದರ ಕೆಳಗೇ ನಾವು ನಡೆಯಬೇಕು. ಬಿಸಿಲಿಗೂ ಹಿಮಕ್ಕೂ ಅದೇ ಆಸರೆ. ಮಾಡು ಹಂಚಿನದಲ್ಲ, ಚಪ್ಪಟೆ. ಚೆಸ್ಟ್‌ನಟ್ ಮರದ ತೊಲೆ, ಅದರ ಮೇಲೆ ಸ್ಲೇಟು ಕಲ್ಲಿನ ಚಪ್ಪಡಿ, ಅದರ ಮೇಲೆ ಲಾವ್ನಾ ಎಂಬ ನೀಲಿಬೂದು ಮಣ್ಣು. ಚಳ್ಳಕೆರೆ, ಬಳ್ಳಾರಿ ಕಡೆ ಮಾಳಿಗೆ ಮನೆಗೆ ಕರಲು ಮಣ್ಣು ಹಾಕುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಣಗಿದಾಗ ಕಾಲಿಗೆ ಪುಡಿಪುಡಿ ಸಿಗುವ ಮಣ್ಣು, ಮಳೆ ಬಿದ್ದ ಕೂಡಲೇ ಬಿಗಿದುಕೊಂಡು ಒಂದು ಹನಿಯನ್ನೂ ಒಳಗೆ ಬಿಡುವುದಿಲ್ಲ. ಕೃಷ್ಣಪಕ್ಷದಲ್ಲೇ ಹಾಕಬೇಕು, ಇಲ್ಲದಿದ್ದರೆ ಸೋರುತ್ತದೆ ಎಂಬ ನಂಬಿಕೆಯೂ ಇದೆ. ಚಂದ್ರನಿಗೂ ಮಾಡಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಆ ಮಾಡಿನ ಕೆಳಗೇ ಅಲ್ವಾ ನಾನು ಮಲಗಬೇಕಿದ್ದುದು.

ಅಂದರೆ ಈ ಊರಿನ ಶಾಸ್ತ್ರ ಇಷ್ಟೇ. ಮಾಡು ಸೋರಬಾರದು, ಕಾಲುವೆ ಸೋರಬೇಕು. ಎರಡೂ ಕೆಲಸ ಮಣ್ಣಿನದೇ.

ಬೆಟ್ಟದ ನೆತ್ತಿ ಜೋರಾಗಿದೆ. ದ್ವೀಪಗಳನ್ನು ಬಿಟ್ಟರೆ ಸ್ಪೇನಿನಲ್ಲೆಲ್ಲ ಎತ್ತರದ ಶಿಖರ ಮುಲಾಸೇನ್ ಇದೇ ಸಾಲಿನಲ್ಲಿದೆ, ಸುಮಾರು 3,480 ಮೀಟರ್. ಚಳಿಗಾಲವಿಡೀ ಹಿಮ ಕೂರುತ್ತದೆ. ತೊಂದರೆ ಏನೆಂದರೆ, ವಸಂತ ಬಂತೆಂದರೆ ಹಿಮಕ್ಕೆಲ್ಲ ಒಟ್ಟಿಗೇ ಕರಗುವ ಅವಸರ. ಸಮುದ್ರವೂ ದೂರವಿಲ್ಲ. ನೀರು ದಡದಡ ಇಳಿದು ಮೆಡಿಟರೇನಿಯನ್ ಸೇರಿಬಿಟ್ಟರೆ ಮುಗಿಯಿತು. ಜುಲೈ, ಆಗಸ್ಟಿನಲ್ಲಿ ಟೊಮೆಟೊ, ಬೀನ್ಸು ಬಾಯಿಬಿಡುವ ಹೊತ್ತಿಗೆ ಆಕಾಶದಿಂದ ಒಂದು ಹನಿ ಬೀಳುವುದಿಲ್ಲ. ಅಣೆಕಟ್ಟು ಕಟ್ಟೋಣ ಎಂದರೆ ಸಾವಿರ ವರ್ಷದ ಹಿಂದೆ ಈ ಕಡಿದಾದ ಬೆಟ್ಟದಲ್ಲಿ ಯಾರು ಕಟ್ಟಬೇಕು?

ಅರಬ್ಬರ ಆಳ್ವಿಕೆಯ ಕಾಲದ ರೈತರು ಇದಕ್ಕೊಂದು ಉಪಾಯ ಮಾಡಿದರು. ಹೊಳೆಯ ತಲೆಯ ಹತ್ತಿರವೇ ನೀರನ್ನು ತಿರುಗಿಸಿ, ಬೆಟ್ಟದ ಸೊಂಟಕ್ಕೆ ಸುತ್ತಿದಂತೆ ಮಣ್ಣಿನ ಕಾಲುವೆ ತೋಡಿದರು. ಆದರೆ ಹೊಲಕ್ಕೆ ಒಯ್ಯಲಿಲ್ಲ. ಬಂಡೆ ಬಿರುಕುಬಿಟ್ಟ, ಮಣ್ಣು ಸಡಿಲವಿರುವ ಜಾಗ ನೋಡಿ ಅಲ್ಲೇ ಬಿಟ್ಟುಬಿಟ್ಟರು. ನೀರು ಅಲ್ಲಿ ಸುಮ್ನೆ ಇಂಗಿಹೋಗುತ್ತದೆ. ದಾರಿಯುದ್ದಕ್ಕೂ ಕಾಲುವೆಯ ತಳದಿಂದಲೂ ಇಂಗುತ್ತದೆ. ನೋಡಿದವರು ಅಯ್ಯೋ ಇಷ್ಟು ನೀರು ಹಾಳು ಎನ್ನಬೇಕು. ಆದರೆ ಕಲ್ಲಿನ ಸಂದಿಯಲ್ಲಿ ನೀರಿಗೆ ಓಡಲು ಬರುವುದಿಲ್ಲ, ತೆವಳಬೇಕು. ತೆವಳಿ ತೆವಳಿ ವಾರಗಳು, ಒಮ್ಮೊಮ್ಮೆ ತಿಂಗಳುಗಳು ಕಳೆದ ಮೇಲೆ ಕೆಳಗಿನ ಒರತೆಗಳಲ್ಲಿ ಏಳುತ್ತದೆ. ಅಷ್ಟು ಹೊತ್ತಿಗೆ ಸರಿಯಾಗಿ ಬೇಸಿಗೆ. ಬೆಟ್ಟವೇ ಟ್ಯಾಂಕು, ಹೂಳು ತೆಗೆಯಬೇಕಿಲ್ಲ, ಬಿಸಿಲಿಗೆ ಆರುವುದೂ ಇಲ್ಲ. ನೀರನ್ನು ಹಿಡಿದಿಡಲು ಹೋಗದೆ ತಡಮಾಡಿಸುವುದರಲ್ಲೇ ಇವರ ಜಾಣತನವಿದೆ. ತಡ ಮಾಡುವುದನ್ನು ಒಂದು ವಿದ್ಯೆಯನ್ನಾಗಿ ಕಲಿತ ಊರನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಸರ್ಕಾರಿ ಕಚೇರಿಗಳ ಮಾತು ಬೇರೆ.

ಒರತೆಯಿಂದ ಕೆಳಗೆ ಇನ್ನೊಂದು ಜಾತಿಯ ಕಾಲುವೆ. ಇದು ಹೊಲದ್ದು. ಇಲ್ಲಿ ಮಾತ್ರ ನಿಮಿಷ ನಿಮಿಷಕ್ಕೂ ಲೆಕ್ಕ. ಬೆಳಿಗ್ಗೆ ನಡೆಯಲು ಹೋದಾಗ ಒಬ್ಬ ಅಜ್ಜ ತನ್ನ ಪಾಳಿಯ ನೀರು ತಿರುಗಿಸುತ್ತಿದ್ದ. ತೂಬು ಅಂದರೆ ಒಂದು ಸ್ಲೇಟು ಚಪ್ಪಡಿ. ಅದರ ಸುತ್ತ ಹುಲ್ಲುಬೇರಿನ ಹೆಂಟೆ, ಸಂದಿಗೆ ಒಂದು ಹಳೇ ಬನಿಯನ್ನು. ಅಜ್ಜ ಮೊದಲು ಬನಿಯನ್ನು ಎಳೆದ, ಆಮೇಲೆ ಗುದ್ದಲಿಯ ಮೂಲೆಯಿಂದ ಹೆಂಟೆ ಸರಿಸಿದ, ಚಪ್ಪಡಿ ಎತ್ತಿ ದೊಡ್ಡ ಕಾಲುವೆಗೆ ಅಡ್ಡ ಇಟ್ಟ. ನೀರು ಒಂದು ಕ್ಷಣ ಅನುಮಾನಿಸಿ, ಒಣ ಎಲೆಗಳನ್ನು ತಳ್ಳಿಕೊಂಡು, ಆಲೂಗಡ್ಡೆ ಸಾಲಿಗೆ ನುಗ್ಗಿತು. ಆಮೇಲೆ ಕೈಗಡಿಯಾರ ನೋಡಿಕೊಂಡ. ನನ್ನ ಅರೆಬರೆ ಸ್ಪ್ಯಾನಿಷ್‌ನಲ್ಲಿ ಮಾತಾಡಿಸಿದೆ. ನೀರು ಚೆನ್ನಾಗಿದೆ, ಆಲೂಗಡ್ಡೆಯೂ ಚೆನ್ನಾಗಿದೆ, ಆದರೆ ಪಕ್ಕದ ಹೊಲದವನ ಗಡಿಯಾರ ಮಾತ್ರ ನಂಬಬೇಡಿ, ಯಾವಾಗಲೂ ಮುಂದೆ ಓಡುತ್ತದೆ ಎಂದ. ಆ ಗಡಿಯಾರದವನು ಆಗಲೇ ಕೆಳಗಿನ ಮೆಟ್ಟಿಲು ಗದ್ದೆಯಲ್ಲಿ ಗುದ್ದಲಿ ಹಿಡಿದು ನಿಂತಿದ್ದ.

ಇಂಥ ಜಗಳ ಬಿಡಿಸಲು, ಕಾಲುವೆ ನೋಡಿಕೊಳ್ಳಲು ನೀರುಗಂಟಿ ಒಬ್ಬ ಇರುತ್ತಾನೆ. ನೀರು ಬಳಸುವ ರೈತರ ಸಂಘವೇ ಅವನನ್ನು ನೇಮಿಸುತ್ತದೆ. ಅವನಿಗೂ ಬಗೆಹರಿಯದ್ದಕ್ಕೆ ಪಂಚಾಯ್ತಿ. ಸ್ಪೇನಿನವರಿಗೆ ಇದು ಹೊಸದೇನಲ್ಲ. ವಲೆನ್ಸಿಯಾದಲ್ಲಿ ಇವತ್ತಿಗೂ ಪ್ರತಿ ಗುರುವಾರ ಮಧ್ಯಾಹ್ನ ದೊಡ್ಡ ಚರ್ಚಿನ ಬಾಗಿಲಲ್ಲಿ ರೈತರೇ ನ್ಯಾಯಾಧೀಶರಾಗಿ ಕೂತು ನೀರಿನ ತಕರಾರು ಕೇಳುತ್ತಾರೆ. ಎಲ್ಲ ಬಾಯಿಮಾತಿನಲ್ಲೇ, ವಕೀಲರಿಲ್ಲ. 2009ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ಈ ಕಾಲುವೆಗಳ ಹಿಂದೆ ಒಂದು ಕಹಿ ಕತೆಯೂ ಇದೆ. 1492ರಲ್ಲಿ ಗ್ರಾನಡಾ ಕ್ರೈಸ್ತ ದೊರೆಗಳ ಕೈಗೆ ಹೋಯಿತು. ಮೊದಮೊದಲು ಇಲ್ಲಿಯ ಮುಸ್ಲಿಮರಿಗೆ ನಿಮ್ಮ ಧರ್ಮ ಉಳಿಸಿಕೊಳ್ಳಬಹುದು ಎಂದರು, ಆಮೇಲೆ ಅದನ್ನು ಬಿಡಿಸಿದರು. ಅದು ಸಾಲದೆ ಭಾಷೆ, ಬಟ್ಟೆಯ ಮೇಲೂ ನಿಷೇಧ ಬಂತು. 1568ರಲ್ಲಿ ಅಲ್ಪುಹಾರಾ ಬಂಡೆದ್ದಿತು. ಬಂಡಾಯ ಮುರಿದು ಇಲ್ಲಿಯ ಜನರನ್ನು ಊರು ಬಿಡಿಸಿದರು. ಖಾಲಿಯಾದ ಮನೆಗಳಿಗೆ ಉತ್ತರದ ಗಲೀಸಿಯಾದಂಥ ಕಡೆಗಳಿಂದ ಕುಟುಂಬಗಳನ್ನು ತಂದು ತುಂಬಿಸಿದರು. ಗಲೀಸಿಯಾ ಅಂದರೆ ಮಳೆ ನಾಡು, ಅವರಿಗೆ ಬೆಟ್ಟದ ಕಾಲುವೆ ಹೇಗೆ ಗೊತ್ತಿರಬೇಕು? ಅದಕ್ಕೇ ಪ್ರತಿ ಊರಲ್ಲಿ ಎರಡು ಹಳೇ ಕುಟುಂಬಗಳನ್ನು ಮಾತ್ರ ಉಳಿಸಿಕೊಂಡರಂತೆ, ಹೊಸಬರಿಗೆ ನೀರು ಬಿಡುವುದು ಕಲಿಸಲು. ಅಲ್ಲಿಯವರು ಹೇಳುವ ಮಾತಿದು. ನಿಜವೇ ಆಗಿದ್ದರೆ ಇದಕ್ಕಿಂತ ನಾಚಿಕೆಗೆಟ್ಟ ಲೆಕ್ಕ ಬೇರೆ ಬೇಕಾ? ಜನ ಬೇಡ, ಅವರ ವಿದ್ಯೆ ಬೇಕು.

ನಮಗೂ ಈ ಕಣಿವೆಗೂ ಒಂದು ನಂಟಿದೆ ಅಂದರೆ ನಂಬುತ್ತೀರಾ? ಎದುರಿನ ಇಳಿಜಾರಿನಲ್ಲಿ ಟಿಬೆಟನ್ ಬೌದ್ಧರ ಧ್ಯಾನಕೇಂದ್ರವೊಂದಿದೆ. 1982ರಲ್ಲಿ ದಲೈ ಲಾಮಾ ಬಂದು ಅದಕ್ಕೆ ಓಸೆಲ್ ಲಿಂಗ್ ಎಂದು ಹೆಸರಿಟ್ಟು ಹೋದರು. 1985ರಲ್ಲಿ ಬುಬಿಯೋನ್‌ನ ಒಂದು ಕುಟುಂಬದಲ್ಲಿ ಹುಟ್ಟಿದ ಓಸೆಲ್ ಎಂಬ ಹುಡುಗನನ್ನು ತೀರಿಕೊಂಡಿದ್ದ ಟಿಬೆಟನ್ ಗುರು ಲಾಮಾ ಯೇಶೆಯವರ ಪುನರ್ಜನ್ಮ ಎಂದು ಗುರುತಿಸಿದರು. ಹುಡುಗ ಓದಲು ಬಂದದ್ದು ಎಲ್ಲಿಗೆ? ನಮ್ಮ ಬೈಲಕುಪ್ಪೆಯ ಸೆರಾ ಮಠಕ್ಕೆ. ದೊಡ್ಡವನಾದ ಮೇಲೆ ಕಾವಿ ಕಳಚಿಟ್ಟು ಸಿನಿಮಾ ಕಲಿಯಲು ಮ್ಯಾಡ್ರಿಡ್‌ಗೆ ಹೋದ, ಆ ಮಾತು ಬೇರೆ. ಒಂದು ಕಡೆ ಇಂಗಿ ಇನ್ನೊಂದು ಕಡೆ ಏಳುವುದು ಈ ಕಣಿವೆಯವರಿಗೆ ಆಶ್ಚರ್ಯದ ವಿಷಯ ಆಗಿರಲಿಕ್ಕಿಲ್ಲ.

ಮಧ್ಯಾಹ್ನ ಎರಡಕ್ಕೆ ಅಂಗಡಿ ಬಾಗಿಲು ಹಾಕಿದರೆ ಐದರ ತನಕ ತೆಗೆಯುವುದಿಲ್ಲ. ಊಟ ಆಮೇಲೆ ಮಾಡಿದರಾಯಿತು ಅಂದುಕೊಂಡವರು ಕೆಟ್ಟರು. ಇಲ್ಲಿಯ ತಟ್ಟೆಯ ತುಂಬ ಹಂದಿಯದೇ ಕಾರುಬಾರು. ಮಾಂಸ ಬೇಡ ಅಂದದ್ದಕ್ಕೆ ನನಗೆ ಆಲೂಗಡ್ಡೆ, ಈರುಳ್ಳಿ, ಹಸಿರು ದಪ್ಪ ಮೆಣಸಿನಕಾಯಿಯನ್ನು ಆಲಿವ್ ಎಣ್ಣೆಯಲ್ಲಿ ಮೆತ್ತಗೆ ಬೇಯಿಸಿ, ಮೇಲೊಂದು ಮೊಟ್ಟೆ ಕರಿದು ಕೊಟ್ಟರು. ಎಣ್ಣೆಯ ವಿಷಯದಲ್ಲಿ ಇವರ ಕೈ ಧಾರಾಳ.

ಆದರೆ ಕಾಲುವೆ ಸವರುವ ಕೈಗಳು ಕಮ್ಮಿಯಾಗಿವೆ. ಕಳೆದ ಶತಮಾನದ ನಡುವಿನಿಂದ ಜನ ಬಾರ್ಸಿಲೋನಾಕ್ಕೆ, ಜರ್ಮನಿಗೆ ಕೆಲಸ ಹುಡುಕಿಕೊಂಡು ಹೋದರು. ಎಷ್ಟೋ ಮೆಟ್ಟಿಲು ಗದ್ದೆಗಳಲ್ಲಿ ಮುಳ್ಳು ಬೆಳೆದಿದೆ. ಬಾಡಿಗೆ ಕೋಣೆಗಳು ಜಾಸ್ತಿಯಾಗಿವೆ. ಅದರಲ್ಲೊಂದರಲ್ಲಿ ಇದ್ದವನು ನಾನೂ ಹೌದು. ಪೈಪು ಹಾಕಿದರೆ ನೀರು ಉಳಿಯುತ್ತದೆ ಎನ್ನುವವರು ಇಲ್ಲೂ ಇದ್ದಾರೆ. ಪೈಪಿನಲ್ಲಿ ಉಳಿಯುವ ಆ ನೀರು ಕಾಲುವೆ ಅಂಚಿನ ಚೆಸ್ಟ್‌ನಟ್ ಮರದ ಬಾಯಿಂದ, ಕೆಳಗಿನ ಒರತೆಯಿಂದ ಕಿತ್ತುಕೊಂಡದ್ದು. ಅದನ್ನು ಉಳಿತಾಯ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಸಮಾಧಾನದ ವಿಷಯವೆಂದರೆ 2014ರಿಂದ ಗ್ರಾನಡಾ ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳನ್ನು, ಸ್ವಯಂಸೇವಕರನ್ನು ಕರೆತಂದು ಮುಚ್ಚಿಹೋದ ಕಾಲುವೆಗಳನ್ನು ರೈತರ ಜೊತೆ ಸೇರಿ ತೆಗೆಯುತ್ತಿದ್ದಾರೆ. ಪಿಎಚ್‌ಡಿ ಹುಡುಗರ ಕೈಗೆ ಗುದ್ದಲಿ ಕೊಟ್ಟ ಪುಣ್ಯಾತ್ಮರಿಗೆ ನನ್ನ ನಮಸ್ಕಾರ.

ವಾಪಸ್ ಬರುವಾಗ ಪಂಪನೇಯ್ರಾದಲ್ಲಿ ಇಳಿದೆ. ಅಲ್ಲೊಂದು ನೀರಿನ ಬುಗ್ಗೆ ಇದೆ. ಮದುವೆಯಾಗದವರು ಅದರ ನೀರು ಕುಡಿದರೆ ಜೋಡಿ ಸಿಗುತ್ತದಂತೆ. ಕಾಲೇಜು ಹುಡುಗರ ಗುಂಪೊಂದು ಒಬ್ಬರನ್ನೊಬ್ಬರು ತಳ್ಳಾಡುತ್ತಾ ಕುಡಿಯುತ್ತಿತ್ತು. ಒಬ್ಬನಂತೂ ಎರಡು ಸಲ ಕುಡಿದ. ಮದುವೆಯಾದವರು ಕುಡಿದರೆ ಏನಾಗುತ್ತದೆ ಎಂದು ಯಾರೂ ಹೇಳಲಿಲ್ಲ. ಬಿಸಿಲು ಚುರುಗುಟ್ಟುತ್ತಿತ್ತು, ನಾನೂ ಬಾಟಲಿ ತುಂಬಿಸಿಕೊಂಡೆ. ಬಸ್ಸು ತಡವಾಗಿಯೇ ಬಂತು.